ಹೊತ್ತುಗೊತ್ತಿಲ್ಲದೆ ಬೀಳುವ ಹೊಸ ಸರ್ವರ್: ಕಾರಣ ಹುಡುಕುವ ಬಗೆ

ಹಳೆಯ ಸರ್ವರ್ ಕೈಕೊಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ. ವರ್ಷಗಟ್ಟಲೆ ಹಗಲಿರುಳು ದುಡಿದ ಯಂತ್ರ, ಅದರ ಕಾಲ ಮುಗಿಯಿತು ಎಂದುಕೊಂಡು ಹೊಸದನ್ನು ತರಿಸುತ್ತಾರೆ. ನಿಜವಾದ ತಲೆನೋವು ಶುರುವಾಗುವುದು ಆ ಹೊಸದೇ ಕೈಕೊಟ್ಟಾಗ. ಪೆಟ್ಟಿಗೆ ಬಿಚ್ಚಿ, ತಂತ್ರಾಂಶ ಹಾಕಿ, ಕಡತಗಳನ್ನೆಲ್ಲ ಸಾಗಿಸಿ ಮುಗಿಸಿದ ಮೇಲೆ ಒಂದು ಮಧ್ಯಾಹ್ನ ಯಂತ್ರ ತಾನಾಗಿಯೇ ರೀಸ್ಟಾರ್ಟ್ ಆಗುತ್ತದೆ. ಎರಡು ದಿನ ಸುಮ್ಮನಿರುತ್ತದೆ. ಆಮೇಲೆ ಯಾರೂ ಬಳಸದ ನಡುರಾತ್ರಿಯಲ್ಲಿ ಮತ್ತೆ ಬೀಳುತ್ತದೆ. ಮಾರಿದವರನ್ನು ಕರೆಸಿ ತೋರಿಸಿದ ದಿನ ಮಾತ್ರ ಅದಕ್ಕೆ ಯಾವ ಕಾಯಿಲೆಯೂ ಇರುವುದಿಲ್ಲ.

ಬೇರೆ ಕಂಪ್ಯೂಟರುಗಳಿಗೆ ಸೇವೆ ಒದಗಿಸಲು ಸದಾ ಚಾಲೂ ಇರುವ ಕಂಪ್ಯೂಟರೇ ಸರ್ವರ್. ಲೆಕ್ಕಪತ್ರದ ತಂತ್ರಾಂಶ, ಇಮೇಲ್, ಜಾಲತಾಣ, ಕ್ಯಾಮೆರಾ ದಾಖಲೆ ಎಲ್ಲವೂ ಅದರ ಮೇಲೆ ನಡೆಯುತ್ತವೆ. ಈಚೆಗೆ ಸಣ್ಣ ಕಚೇರಿಗಳೂ ಮನೆಗಳೂ ತಮ್ಮದೇ ಸರ್ವರ್ ಇಟ್ಟುಕೊಳ್ಳುತ್ತಿರುವುದರಿಂದ, ಹಿಂದೆ ದತ್ತಾಂಶ ಕೇಂದ್ರದ ತಂತ್ರಜ್ಞರಿಗೆ ಮಾತ್ರ ಸೇರಿದ್ದ ಈ ಸಮಸ್ಯೆ ಈಗ ಅದರ ಹಿನ್ನೆಲೆ ಗೊತ್ತಿಲ್ಲದವರ ಮೇಜಿಗೂ ಬಂದು ಕುಳಿತಿದೆ.

ಹೊತ್ತುಗೊತ್ತಿಲ್ಲದ ಕ್ರ್ಯಾಶ್ ಎಂದು ನಾವು ಕರೆಯುವುದಕ್ಕೂ ಕಾರಣವೊಂದು ಇದ್ದೇ ಇರುತ್ತದೆ. ಅದು ಯಾವಾಗ ಕೆರಳುತ್ತದೆ ಎಂಬುದು ನಮಗೆ ಕಾಣುತ್ತಿಲ್ಲ, ಅಷ್ಟೇ. ಹಾಗಾಗಿ ಮೊದಲು ಮಾಡಬೇಕಾದ ಕೆಲಸ ಬಿಡಿಭಾಗ ಬದಲಿಸುವುದಲ್ಲ. ಕ್ರ್ಯಾಶ್ ಯಾವ ಸ್ಥಿತಿಯಲ್ಲಿ ಬರುತ್ತದೆ ಎಂದು ತಿಳಿದು, ಬೇಕೆಂದಾಗ ಅದನ್ನು ಬರಿಸುವಂತಾಗುವುದು. ಬರಿಸಲು ಬಂದರೆ ಅರ್ಧ ಕೆಲಸ ಮುಗಿದಂತೆ.

ಹೇಗೆ ಬಿತ್ತು ಎಂಬುದೇ ಮೊದಲ ಸುಳಿವು

"ಸರ್ವರ್ ಕ್ರ್ಯಾಶ್ ಆಯಿತು" ಎಂಬ ಒಂದೇ ಮಾತಿನಲ್ಲಿ ಕನಿಷ್ಠ ನಾಲ್ಕು ಬೇರೆ ಬೇರೆ ಘಟನೆಗಳು ಅಡಗಿರುತ್ತವೆ. ಅವುಗಳನ್ನು ಬೇರ್ಪಡಿಸಿ ನೋಡದಿದ್ದರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ಮೊದಲನೆಯದು, ಕಾರ್ಯಾಚರಣಾ ವ್ಯವಸ್ಥೆಯೇ "ಇನ್ನು ಮುಂದುವರಿಯಲಾರೆ" ಎಂದು ನಿಲ್ಲುವುದು. ಲಿನಕ್ಸ್‌ನಲ್ಲಿ ಇದಕ್ಕೆ ಕರ್ನಲ್ ಪ್ಯಾನಿಕ್ ಎನ್ನುತ್ತಾರೆ, ವಿಂಡೋಸ್‌ನಲ್ಲಿ ಅದು ನೀಲಿ ಪರದೆ ಎಂದೇ ಹೆಸರಾದದ್ದು (ಈಚಿನ ವಿಂಡೋಸ್ 11ರಲ್ಲಿ ಬಣ್ಣ ಕಪ್ಪು). ಕರ್ನಲ್ ಎಂದರೆ ಯಂತ್ರಾಂಶವನ್ನೂ ತಂತ್ರಾಂಶವನ್ನೂ ಬೆಸೆಯುವ, ವ್ಯವಸ್ಥೆಯ ಒಳತಿರುಳು. ಅದು ಬೀಳುವ ಮುನ್ನ ಒಂದಿಷ್ಟು ಹೇಳಿ ಬೀಳುತ್ತದೆ, ಅಷ್ಟು ಸಿಕ್ಕಿದರೆ ಪುಣ್ಯ.

ಎರಡನೆಯದು ಹ್ಯಾಂಗ್. ವಿದ್ಯುತ್ತು ಇದೆ, ಫ್ಯಾನು ತಿರುಗುತ್ತಿದೆ, ಆದರೆ ಕೀಲಿಮಣೆಗೂ ನೆಟ್‌ವರ್ಕಿಗೂ ಯಂತ್ರ ಓಗೊಡುವುದಿಲ್ಲ. ಮೂರನೆಯದು ಏನೂ ಹೇಳದೆ ರೀಸ್ಟಾರ್ಟ್ ಆಗುವುದು ಅಥವಾ ಪೂರ್ತಿ ಆರಿಹೋಗುವುದು. ನಾಲ್ಕನೆಯದು, ಯಂತ್ರ ಓಡುತ್ತಲೇ ಇದೆ, ಅದರ ಮೇಲಿನ ಒಂದೊಂದು ತಂತ್ರಾಂಶ ಮಾತ್ರ ಆಗಾಗ ಸಾಯುತ್ತದೆ.

ಈ ನಾಲ್ಕನೆಯದರಲ್ಲಿ ಒಂದು ಸರಳ ಪರೀಕ್ಷೆ ಇದೆ. ಪ್ರತಿ ಸಲವೂ ಅದೇ ತಂತ್ರಾಂಶ, ಅದೇ ಜಾಗದಲ್ಲಿ ಸಾಯುತ್ತಿದ್ದರೆ ಅನುಮಾನ ಆ ತಂತ್ರಾಂಶದ ಮೇಲೆ. ಇವತ್ತು ದತ್ತಸಂಚಯ, ನಾಳೆ ವೆಬ್ ಸರ್ವರ್, ನಾಡಿದ್ದು ಫೈಲ್ ಕುಗ್ಗಿಸುವ ಸಣ್ಣ ಉಪಕರಣ ಎಂದು ಒಂದಕ್ಕೊಂದು ಸಂಬಂಧವಿಲ್ಲದವು ಸಾಯುತ್ತಿದ್ದರೆ ಮೆಮೊರಿಯನ್ನೋ ಪ್ರೊಸೆಸರನ್ನೋ ಅನುಮಾನಿಸಬೇಕು.

ಮೂರನೆಯದಕ್ಕೂ ಹೀಗೇ ಒಂದು ಕೀಲಿಕೈ ಇದೆ. ಲಿನಕ್ಸ್ ಕರ್ನಲ್‌ನ ಮೂಲ ಸೆಟ್ಟಿಂಗಿನಲ್ಲಿ ಪ್ಯಾನಿಕ್ ಆದರೆ ಯಂತ್ರ ರೀಸ್ಟಾರ್ಟ್ ಆಗುವುದಿಲ್ಲ. ಸಂದೇಶವನ್ನು ಪರದೆಯ ಮೇಲೆ ಬಿಟ್ಟು ಹಾಗೆಯೇ ನಿಂತುಬಿಡುತ್ತದೆ. ಆ ಸೆಟ್ಟಿಂಗನ್ನು ಯಾರೂ ಬದಲಿಸಿಲ್ಲ, ಕ್ರ್ಯಾಶ್ ಆದಾಗಿನ ಮೆಮೊರಿಯನ್ನು ಉಳಿಸುವ ಕೆಡಂಪ್ ವ್ಯವಸ್ಥೆಯೂ ಇಲ್ಲ, ಆದರೂ ಯಂತ್ರ ಕೂಡಲೇ ರೀಸ್ಟಾರ್ಟ್ ಆಗುತ್ತಿದೆ ಎಂದಾದರೆ, ಅಪ್ಪಣೆ ಕರ್ನಲ್‌ನಿಂದ ಬಂದದ್ದಲ್ಲ. ಒಂದೋ ವಿದ್ಯುತ್ತು ಕಡಿದಿದೆ, ಇಲ್ಲವೇ ಭಾಗಗಳೆಲ್ಲ ಕುಳಿತಿರುವ ಮುಖ್ಯ ಫಲಕವಾದ ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ತಾನೇ ರೀಸೆಟ್ ಮಾಡಿದೆ, ಅದೂ ಅಲ್ಲದಿದ್ದರೆ ವಾಚ್‌ಡಾಗ್. ಯಂತ್ರ ಇಷ್ಟು ಹೊತ್ತು ಮಿಸುಕಾಡದಿದ್ದರೆ ರೀಸೆಟ್ ಮಾಡು ಎಂದು ಕಾದು ಕುಳಿತಿರುವ ಗಡಿಯಾರಕ್ಕೆ ಆ ಹೆಸರು. ವಿಂಡೋಸ್ ಮಾತ್ರ ನೀಲಿ ಪರದೆಯ ನಂತರ ತಾನಾಗಿಯೇ ರೀಸ್ಟಾರ್ಟ್ ಆಗುವಂತೆ ಹೊಂದಿಸಿಟ್ಟಿರುತ್ತದೆ. ಅಲ್ಲಿ ಈ ತರ್ಕ ನಡೆಯುವುದಿಲ್ಲ.

ಹೊಸದರಲ್ಲೇ ಏಕೆ?

ಯಂತ್ರಗಳು ಕೆಡುವ ಪ್ರಮಾಣವನ್ನು ವಯಸ್ಸಿಗೆ ಎದುರಾಗಿ ಗೆರೆ ಎಳೆದರೆ ಆರಂಭದಲ್ಲಿ ಎತ್ತರ, ನಡುವೆ ಬಹುಕಾಲ ತಗ್ಗು, ಕೊನೆಯಲ್ಲಿ ಮತ್ತೆ ಎತ್ತರ. ಇಂಜಿನಿಯರುಗಳು ಇದನ್ನು ಸ್ನಾನದ ತೊಟ್ಟಿಯ ರೇಖೆ ಎಂದು ಕರೆಯುತ್ತಾರೆ. ತಯಾರಿಕೆಯಲ್ಲಿ ಉಳಿದುಹೋದ ದುರ್ಬಲ ಬೆಸುಗೆ, ಅಂಚಿನ ಮೇಲೆ ನಿಂತ ಚಿಪ್ ಮುಂತಾದವು ಮೊದಲ ವಾರಗಳಲ್ಲೇ ಬಯಲಾಗುತ್ತವೆ. ಯಂತ್ರವನ್ನು ಕೆಲಸಕ್ಕೆ ಹಚ್ಚುವ ಮೊದಲೇ ಕೆಲವು ದಿನ ಪೂರ್ಣ ಹೊರೆಯಲ್ಲಿ ಓಡಿಸಿ ನೋಡುವ ರೂಢಿ ಇದಕ್ಕಾಗಿಯೇ ಬಂದದ್ದು. ಈ ಓಟಕ್ಕೆ ಬರ್ನ್-ಇನ್ ಎಂದು ಹೆಸರು. ಕೆಡುವುದಿದ್ದರೆ ದತ್ತಾಂಶ ಇಲ್ಲದಿರುವಾಗಲೇ ಕೆಡಲಿ ಎಂಬ ಲೆಕ್ಕಾಚಾರ.

ಭಾಗಗಳೆಲ್ಲ ಒಳ್ಳೆಯವೇ ಇದ್ದರೂ ಹೊಸ ಯಂತ್ರಕ್ಕೆ ಬೇರೆ ಗಂಡಾಂತರಗಳಿವೆ. ಸಾಗಾಟದಲ್ಲಿ ಕುಲುಕಿ ಮೆಮೊರಿ ಪಟ್ಟಿ ಅಥವಾ ಕಾರ್ಡು ಕೂದಲೆಳೆಯಷ್ಟು ಮೇಲೆದ್ದಿರಬಹುದು. ಜೋಡಿಸಿದವರು ಸ್ಕ್ರೂವನ್ನು ಒಂದು ಕಡೆ ಬಿಗಿಯಾಗಿ, ಇನ್ನೊಂದು ಕಡೆ ಸಡಿಲವಾಗಿ ತಿರುಗಿಸಿರಬಹುದು. ಮದರ್‌ಬೋರ್ಡ್ ಮಾರುಕಟ್ಟೆಗೆ ಬಂದು ಕೆಲವೇ ತಿಂಗಳಾಗಿದ್ದರೆ ಅದರೊಳಗಿನ ಫರ್ಮ್‌ವೇರ್ ಕೂಡ ಎಳೆಯದು. ಯಂತ್ರಾಂಶಕ್ಕೇ ಅಂಟಿಕೊಂಡಿರುವ, ಅದನ್ನು ಎಬ್ಬಿಸಿ ಹೊಂದಿಸುವ ಕಾಯಂ ತಂತ್ರಾಂಶವೇ ಫರ್ಮ್‌ವೇರ್. ಬಯಾಸ್ ಎಂದು ರೂಢಿಯಲ್ಲಿ ಕರೆಯುವುದೂ ಅದರಲ್ಲಿ ಒಂದು.

ಅಂದ ಹಾಗೆ, ಡಿಡಿಆರ್5 ಎಂಬ ಈಚಿನ ಪೀಳಿಗೆಯ ಮೆಮೊರಿಯ ಹೊಸ ಯಂತ್ರವನ್ನು ಮೊದಲ ಸಲ ಚಾಲೂ ಮಾಡಿದಾಗ ಹಲವು ನಿಮಿಷ ಪರದೆ ಕಪ್ಪಾಗಿಯೇ ಇರುವುದುಂಟು. ಪ್ರೊಸೆಸರ್ ಮತ್ತು ಮೆಮೊರಿ ಪರಸ್ಪರ ಸಂಕೇತಗಳ ಸಮಯ ಹೊಂದಿಸಿಕೊಳ್ಳುತ್ತಿರುತ್ತವೆ. ಹೆದರಿ ನಡುವೆ ಗುಂಡಿ ಒತ್ತಿ ಆರಿಸಿದರೆ ಆ ಕೆಲಸ ಮತ್ತೆ ಮೊದಲಿನಿಂದ ಶುರು.

ಬಿದ್ದ ಕ್ಷಣದ ಸಾಕ್ಷಿ ಎಲ್ಲಿ ಸಿಗುತ್ತದೆ?

ಯಂತ್ರ ನಡೆದದ್ದನ್ನೆಲ್ಲ ಬರೆದಿಡುವ ಕಡತಕ್ಕೆ ಲಾಗ್ ಎನ್ನುತ್ತಾರೆ. ಬಿದ್ದ ಮೇಲೆ ಲಾಗ್ ತೆರೆದು ನೋಡಿದರೆ ಬಹಳ ಸಲ ನಿರಾಸೆಯೇ. ಮಧ್ಯಾಹ್ನ 2 ಗಂಟೆ 14 ನಿಮಿಷಕ್ಕೆ ಯಾರೋ ಲಾಗಿನ್ ಆದರು ಎಂದಿರುತ್ತದೆ, ಮುಂದಿನ ಸಾಲೇ 2 ಗಂಟೆ 19ಕ್ಕೆ ಯಂತ್ರ ಏಳುತ್ತಿದೆ ಎಂದು. ನಡುವೆ ಏನೂ ಇಲ್ಲ. ಕಾರಣ ಇಷ್ಟೇ: ಲಾಗ್ ಮೊದಲು ಮೆಮೊರಿಯಲ್ಲಿ ಸೇರಿ, ಆಮೇಲೆ ಡಿಸ್ಕಿಗೆ ಇಳಿಯುತ್ತದೆ. ಕರ್ನಲ್ ಬಿದ್ದ ಮೇಲೆ ಡಿಸ್ಕಿಗೆ ಬರೆಯುವವರು ಯಾರು? ಅತ್ಯಂತ ಬೆಲೆಬಾಳುವ ಕೊನೆಯ ಸಾಲುಗಳೇ ಹೀಗೆ ಕಳೆದುಹೋಗುತ್ತವೆ.

ಆದ್ದರಿಂದ ಸಾಕ್ಷಿಯನ್ನು ಯಂತ್ರದ ಹೊರಗೆ ಸಾಗಿಸುವ ಏರ್ಪಾಡನ್ನು ಮುಂದಿನ ಕ್ರ್ಯಾಶ್‌ಗೆ ಮೊದಲೇ ಮಾಡಿಡಬೇಕು. ಲಿನಕ್ಸ್‌ನಲ್ಲಿ ನೆಟ್‌ಕನ್ಸೋಲ್ ಎಂಬ ಸೌಲಭ್ಯವು ಕರ್ನಲ್ ಸಂದೇಶಗಳನ್ನು ಹುಟ್ಟಿದ ಕೂಡಲೇ ನೆಟ್‌ವರ್ಕ್ ಮೂಲಕ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತದೆ. ಸೀರಿಯಲ್ ಕೇಬಲ್ ಮೂಲಕವೂ ಹೀಗೆ ಹಿಡಿಯಬಹುದು. ಕೆಡಂಪ್ ಎಂಬುದು ಬಿದ್ದ ಕರ್ನಲ್‌ನ ಮೆಮೊರಿಯನ್ನೇ ಕಡತವಾಗಿ ಉಳಿಸುತ್ತದೆ.

ಸರ್ವರ್‌ಗಳಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿದಾರನೊಬ್ಬ ಇದ್ದಾನೆ. ಬಿಎಂಸಿ ಎಂದು ಕರೆಯುವ ಸಣ್ಣ ಕಂಪ್ಯೂಟರೊಂದು ಮದರ್‌ಬೋರ್ಡ್ ಮೇಲೆಯೇ ಕುಳಿತಿರುತ್ತದೆ. ಡೆಲ್ ಯಂತ್ರಗಳಲ್ಲಿ ಅದರ ಹೆಸರು ಐಡ್ರ್ಯಾಕ್, ಎಚ್‌ಪಿಇ ಯಂತ್ರಗಳಲ್ಲಿ ಐಎಲ್‌ಒ. ಮುಖ್ಯ ಯಂತ್ರ ಸತ್ತಿದ್ದರೂ ಇದು ಎಚ್ಚರವಾಗಿದ್ದು, ವಿದ್ಯುತ್ತು, ಶಾಖ, ಫ್ಯಾನ್, ಮೆಮೊರಿ ದೋಷಗಳನ್ನು ತನ್ನದೇ ದಾಖಲೆಯಲ್ಲಿ ಬರೆದಿಡುತ್ತದೆ. ಎಷ್ಟೋ ಜನ ತಂತ್ರಾಂಶದ ಲಾಗನ್ನು ವಾರಗಟ್ಟಲೆ ಜಾಲಾಡಿ, ಈ ದಾಖಲೆಯನ್ನು ಒಮ್ಮೆಯೂ ತೆರೆದಿರುವುದಿಲ್ಲ. ವಾಚ್‌ಡಾಗ್ ರೀಸೆಟ್ ಮಾಡಿದ್ದರೆ ಅದು ಸಾಮಾನ್ಯವಾಗಿ ಇಲ್ಲಿ ನೇರವಾಗಿಯೇ ಬರೆದಿರುತ್ತದೆ. ಒಂದೇ ಎಚ್ಚರಿಕೆ: ಬಿಎಂಸಿಯ ಗಡಿಯಾರ ಮತ್ತು ಮುಖ್ಯ ಯಂತ್ರದ ಗಡಿಯಾರ ಹೊಂದಿಕೊಂಡಿವೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಎರಡು ದಾಖಲೆಗಳನ್ನು ಜೋಡಿಸಿ ಓದಲಾಗುವುದಿಲ್ಲ.

ಮೂರನೇ ಸಾಕ್ಷಿ ಪ್ರೊಸೆಸರೇ. ತನ್ನೊಳಗೆ ಅಥವಾ ಮೆಮೊರಿಯ ಹಾದಿಯಲ್ಲಿ ಎಡವಟ್ಟು ಕಂಡರೆ ಅದು ಮೆಷಿನ್ ಚೆಕ್ ಎಂಬ ದೂರು ಎತ್ತುತ್ತದೆ. ಲಿನಕ್ಸ್‌ನಲ್ಲಿ ರಾಸ್‌ಡೀಮನ್ ಎಂಬ ಉಪಕರಣ ಇವನ್ನು ಓದಿ ಬರೆದಿಡುತ್ತದೆ. ವಿಂಡೋಸ್‌ನಲ್ಲಿ ಡಬ್ಲ್ಯುಎಚ್‌ಇಎ-ಲಾಗರ್ ಎಂಬ ಹೆಸರಿನಡಿ ಕಾಣುತ್ತವೆ. ವಿಂಡೋಸ್ ಬಳಸುವವರು ಕರ್ನಲ್-ಪವರ್ 41 ಎಂಬ ದಾಖಲೆಯನ್ನು ಕಂಡು ಪವರ್ ಸಪ್ಲೈ ಕೆಟ್ಟಿದೆ ಎಂದು ತೀರ್ಮಾನಿಸುವುದು ಸಾಮಾನ್ಯ. ಹೆಸರಿನಲ್ಲಿ ಪವರ್ ಇದೆ ಎಂದ ಮಾತ್ರಕ್ಕೆ ಪವರ್ ಸಪ್ಲೈ ಕೆಟ್ಟಿದೆ ಎನ್ನಲಾಗದು. ಹಿಂದಿನ ಸಲ ಯಂತ್ರ ಸರಿಯಾದ ಕ್ರಮದಲ್ಲಿ ಮುಚ್ಚಿಕೊಳ್ಳಲಿಲ್ಲ ಎಂದಷ್ಟೇ ಅದರ ಅರ್ಥ. ಅದು ನಿಮಗೆ ಮೊದಲೇ ಗೊತ್ತಿದೆ.

ಮೊದಲ ಅನುಮಾನ: ಮೆಮೊರಿ

32 ಜಿಬಿಯ ಒಂದು ಮೆಮೊರಿ ಪಟ್ಟಿಯಲ್ಲಿ ಸುಮಾರು 27,500 ಕೋಟಿ ಬಿಟ್‌ಗಳಿರುತ್ತವೆ. ಬಿಟ್ ಎಂದರೆ 0 ಅಥವಾ 1 ಎಂಬ ಒಂದು ಗುರುತು. ಅಷ್ಟರಲ್ಲಿ ಒಂದು ದುರ್ಬಲವಾಗಿದ್ದರೂ ಸಾಕು. ಅದು ಖಾಲಿ ಜಾಗದಲ್ಲಿದ್ದರೆ ವರ್ಷವಾದರೂ ಪತ್ತೆಯಿಲ್ಲ, ಚಿತ್ರವೊಂದರ ನಡುವೆ ಬಿದ್ದರೆ ಒಂದು ಚುಕ್ಕೆಯ ಬಣ್ಣ ಬದಲಾದೀತು, ಕರ್ನಲ್ ಬಳಸುವ ವಿಳಾಸದಲ್ಲಿ ಬಿದ್ದರೆ ಯಂತ್ರವೇ ಬೀಳುತ್ತದೆ. ಯಾವ ಸಲ ಯಾವ ದತ್ತಾಂಶ ಆ ಜಾಗಕ್ಕೆ ಬರುತ್ತದೆ ಎಂದು ಹೇಳಲಾಗದ್ದರಿಂದ ಕ್ರ್ಯಾಶ್ ಕೂಡ ಹೊತ್ತುಗೊತ್ತಿಲ್ಲದೆ ಬಂದಂತೆ ಕಾಣುತ್ತದೆ.

ಇದಕ್ಕೆ ಕಾವಲು ಇಸಿಸಿ ಮೆಮೊರಿ. ಹಿಂದಿನ ಪೀಳಿಗೆಯ ಡಿಡಿಆರ್4 ಇಸಿಸಿ ಪಟ್ಟಿಗಳಲ್ಲಿ ಪ್ರತಿ 64 ಬಿಟ್ ದತ್ತಾಂಶದ ಜೊತೆ 8 ತಪಾಸಣೆ ಬಿಟ್‌ಗಳು ಸೇರಿರುತ್ತವೆ. ಓದುವಾಗ ಈ 72ನ್ನೂ ತಾಳೆ ನೋಡಿ, ಒಂದು ಬಿಟ್ ತಿರುಗಿದ್ದರೆ, ಅಂದರೆ 0 ಇದ್ದದ್ದು 1 ಅಥವಾ 1 ಇದ್ದದ್ದು 0 ಆಗಿದ್ದರೆ, ಅದು ಯಾವುದೆಂದು ಗುರುತಿಸಿ ಸರಿಪಡಿಸಲಾಗುತ್ತದೆ. ಎರಡು ತಿರುಗಿದ್ದರೆ ಸರಿಪಡಿಸಲಾಗದು, ಆದರೆ ತಪ್ಪಾಗಿದೆ ಎಂದಾದರೂ ತಿಳಿಯುತ್ತದೆ. ಆಗ ತಪ್ಪು ಲೆಕ್ಕದೊಂದಿಗೆ ಮುಂದುವರಿಯುವ ಬದಲು ಯಂತ್ರ ಬೇಕೆಂದೇ ನಿಲ್ಲುತ್ತದೆ. ಈ ಬಗೆಯ ಸಂಕೇತಗಳ ಮೂಲ ತತ್ವವನ್ನು ಬೆಲ್ ಪ್ರಯೋಗಾಲಯದ ರಿಚರ್ಡ್ ಹ್ಯಾಮಿಂಗ್ 1950ರಲ್ಲಿ ಪ್ರಕಟಿಸಿದರು.

ಡಿಡಿಆರ್5 ಬಂದ ಮೇಲೆ ಒಂದು ಗೊಂದಲ ಹುಟ್ಟಿದೆ. ಎಲ್ಲ ಡಿಡಿಆರ್5 ಚಿಪ್‌ಗಳ ಒಳಗೂ ಸಣ್ಣ ಸ್ವಯಂ ತಿದ್ದುಪಡಿ ಇರುತ್ತದೆ. ಅದನ್ನೇ ಇಸಿಸಿ ಎಂದು ನಂಬಿ ಕೊಂಡವರಿದ್ದಾರೆ. ಆ ತಿದ್ದುಪಡಿ ಚಿಪ್‌ನ ಒಳಗೆ ಮಾತ್ರ ನಡೆಯುತ್ತದೆ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ಹಾದಿಯಲ್ಲಿ ಆಗುವ ತಪ್ಪನ್ನು ಅದು ಕಾಣುವುದಿಲ್ಲ. ಸರ್ವರ್‌ಗೆ ಬೇಕಾದ ಪೂರ್ಣ ಇಸಿಸಿ ಪಟ್ಟಿಗಳು ಬೇರೆಯೇ.

ಗೂಗಲ್‌ನ ಯಂತ್ರಗಳನ್ನು ಆಧರಿಸಿ ಟೊರಾಂಟೊ ವಿಶ್ವವಿದ್ಯಾಲಯದ ಜೊತೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಸುಮಾರು ಮೂರನೇ ಒಂದರಷ್ಟು ಯಂತ್ರಗಳು ಕನಿಷ್ಠ ಒಂದು ಸರಿಪಡಿಸಬಹುದಾದ ಮೆಮೊರಿ ದೋಷ ಕಂಡಿದ್ದವು. ಪಟ್ಟಿಗಳ ಲೆಕ್ಕದಲ್ಲಿ ಅದು 8 ಪ್ರತಿಶತಕ್ಕಿಂತ ಹೆಚ್ಚು. ಆಕಾಶದಿಂದ ಬರುವ ಕಣಗಳು ಬಿಟ್ ತಿರುಗಿಸುವುದೇ ಮುಖ್ಯ ಕಾರಣ ಎಂಬ ನಂಬಿಕೆಗೆ ವಿರುದ್ಧವಾಗಿ, ಹೆಚ್ಚಿನ ದೋಷಗಳು ಯಂತ್ರಾಂಶದ ಕಾಯಂ ನ್ಯೂನತೆಗಳಿಂದಲೇ ಬರುತ್ತಿವೆ ಎಂದು ಅದು ಸೂಚಿಸಿತು. ಒಮ್ಮೆ ದೋಷ ತೋರಿದ ಪಟ್ಟಿ ಅದೇ ತಿಂಗಳಲ್ಲಿ ಮತ್ತೆ ತೋರುವ ಸಂಭವವೂ ಬಹಳ ಹೆಚ್ಚಿತ್ತು. ಹಾಗಾಗಿ ಹೊಸ ಯಂತ್ರದ ಲಾಗಿನಲ್ಲಿ ಒಂದೇ ಪಟ್ಟಿಯ ಹೆಸರಿನಲ್ಲಿ "ಸರಿಪಡಿಸಲಾಗಿದೆ" ಎಂಬ ಸಾಲು ಮತ್ತೆ ಮತ್ತೆ ಬರುತ್ತಿದ್ದರೆ, ಸರಿಪಡಿಸಿತಲ್ಲ ಎಂದು ಸುಮ್ಮನಾಗಬಾರದು.

ಪರೀಕ್ಷೆಗೆ ಮೆಮ್‌ಟೆಸ್ಟ್86 ಬಗೆಯ ಉಪಕರಣಗಳಿವೆ. ಕಾರ್ಯಾಚರಣಾ ವ್ಯವಸ್ಥೆ ಇಲ್ಲದೆ ನೇರವಾಗಿ ಯುಎಸ್‌ಬಿಯಿಂದ ಎದ್ದು, ಮೆಮೊರಿಯ ಮೂಲೆ ಮೂಲೆಗೂ ವಿನ್ಯಾಸಗಳನ್ನು ಬರೆದು ಓದಿ ನೋಡುತ್ತವೆ. ಒಂದು ಸುತ್ತು ಸಾಲದು, ಇಡೀ ರಾತ್ರಿ ಓಡಲಿ. ಇಲ್ಲಿ ಒಂದು ಮಾತು ನೆನಪಿರಬೇಕು: ಈ ಪರೀಕ್ಷೆ ದೋಷ ತೋರಿಸಿದರೆ ಅದು ನಿಜ, ತೋರಿಸದಿದ್ದರೆ ಮೆಮೊರಿ ನಿರ್ದೋಷಿ ಎಂದಲ್ಲ. ಪರೀಕ್ಷೆ ನಡೆಯುವಾಗ ಡಿಸ್ಕ್, ನೆಟ್‌ವರ್ಕ್ ಕಾರ್ಡ್ ಎಲ್ಲ ಸುಮ್ಮನಿರುತ್ತವೆ, ಪೆಟ್ಟಿಗೆಯೂ ತಣ್ಣಗಿರುತ್ತದೆ. ಗೂಗಲ್ ಬಿಡುಗಡೆ ಮಾಡಿದ ಸ್ಟ್ರೆಸ್‌ಆ್ಯಪ್‌ಟೆಸ್ಟ್ ಇದಕ್ಕಾಗಿಯೇ ವ್ಯವಸ್ಥೆ ಪೂರ್ತಿ ಚಾಲೂ ಇರುವಾಗ ಮೆಮೊರಿ ಮತ್ತು ಡಿಸ್ಕುಗಳನ್ನು ಒಟ್ಟಿಗೆ ದುಡಿಸುತ್ತದೆ.

ಕೆಟ್ಟದ್ದು ಪಟ್ಟಿಯೋ ಅದು ಕೂರುವ ಸ್ಲಾಟೋ ಎಂದು ತಿಳಿಯಲು ಅದಲುಬದಲು ಮಾಡಬೇಕು. ದೋಷ ಎ1 ಸ್ಲಾಟಿನಲ್ಲಿದೆ ಎಂದು ಲಾಗ್ ಹೇಳುತ್ತದೆ ಎಂದುಕೊಳ್ಳಿ. ಎ1ರ ಪಟ್ಟಿಯನ್ನು ಬಿ1ಕ್ಕೂ, ಬಿ1ರದ್ದನ್ನು ಎ1ಕ್ಕೂ ಹಾಕಿ ಮತ್ತೆ ಓಡಿಸಿ. ಈಗ ಬಿ1ರಲ್ಲಿ ದೋಷ ಬಂದರೆ ಅದು ಪಟ್ಟಿಯ ಬೆನ್ನು ಹತ್ತಿ ಹೋಗಿದೆ, ಕೆಟ್ಟದ್ದು ಪಟ್ಟಿಯೇ. ಎ1ರಲ್ಲೇ ಉಳಿದರೆ ಸ್ಲಾಟ್, ಮದರ್‌ಬೋರ್ಡ್ ಅಥವಾ ಪ್ರೊಸೆಸರ್ ಕುಳಿತ ಸಾಕೆಟ್. ಎರಡೂ ಕಡೆ ದೋಷ ಮಾಯವಾದರೆ? ಪಟ್ಟಿ ಸರಿಯಾಗಿ ಕುಳಿತಿರಲಿಲ್ಲ, ಕಿತ್ತು ಹಾಕಿದ್ದೇ ಮದ್ದಾಯಿತು ಎಂದು ತಾತ್ಕಾಲಿಕವಾಗಿ ನಂಬಬಹುದು. ಹಾಕುವಾಗ ಸ್ಲಾಟಿನ ಹಿಡಿಕೆ ಟಕ್ಕೆಂದು ಕುಳಿತ ಸದ್ದು ಕೇಳಬೇಕು.

ಪ್ರೊಸೆಸರ್ ಸಾಕೆಟ್ಟನ್ನೂ ಅನುಮಾನಿಸಲು ಕಾರಣವಿದೆ. ಎಎಂಡಿಯ ಎಪಿಕ್ ಪ್ರೊಸೆಸರುಗಳ ಎಸ್‌ಪಿ3 ಸಾಕೆಟ್‌ನಲ್ಲಿ 4,094 ಸಂಪರ್ಕ ಬಿಂದುಗಳಿವೆ, ಅದರ ನಂತರದ ಎಸ್‌ಪಿ5ರಲ್ಲಿ 6,096. ಮೆಮೊರಿಯ ತಂತಿಗಳು ನೇರವಾಗಿ ಇವುಗಳ ಮೂಲಕವೇ ಪ್ರೊಸೆಸರ್ ಸೇರುತ್ತವೆ. ಸ್ಕ್ರೂಗಳ ಬಿಗಿತ ಅಸಮವಾಗಿದ್ದರೆ ಒಂದು ಬದಿಯ ಬಿಂದುಗಳು ಅರೆಬರೆ ತಾಗುತ್ತವೆ, ಮೆಮೊರಿಯ ಒಂದು ಚಾನೆಲ್ ಕಾಣೆಯಾಗುತ್ತದೆ ಅಥವಾ ಆಗಾಗ ತಪ್ಪು ಮಾಡುತ್ತದೆ. ಹಾಗಾಗಿ ಸ್ಕ್ರೂಗಳನ್ನು ಅವುಗಳ ಮೇಲೆ ನಮೂದಿಸಿದ ಸಂಖ್ಯೆಯ ಕ್ರಮದಲ್ಲಿ, ಹೇಳಿದಷ್ಟೇ ಬಿಗಿತಕ್ಕೆ ತಿರುಗಿಸಬೇಕು.

ವಿದ್ಯುತ್ತು ಮತ್ತು ಶಾಖ

ಮನೆಯಲ್ಲಿ ಸ್ನಾನಕ್ಕೆ ನಿಂತಿರುವಾಗ ಅಡುಗೆಮನೆಯ ನಲ್ಲಿ ತೆರೆದರೆ ಶವರಿನ ನೀರು ಸಣ್ಣಗಾಗುತ್ತದೆ. ತೊಟ್ಟಿಯಲ್ಲಿ ನೀರಿಗೇನೂ ಕೊರತೆಯಿಲ್ಲ, ಏಕಕಾಲದ ಬೇಡಿಕೆಗೆ ಒತ್ತಡ ಸಾಲಲಿಲ್ಲ. ಪವರ್ ಸಪ್ಲೈಯಲ್ಲಿಯೂ ಹೀಗೇ ಆಗುತ್ತದೆ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಒಂದೇ ಗಳಿಗೆಯಲ್ಲಿ ಹೊರೆ ಎತ್ತಿದಾಗ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ವೋಲ್ಟೇಜ್ ಕುಸಿಯಬಹುದು. ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡದಲ್ಲಿ 12 ವೋಲ್ಟ್ ಸಾಲಿನ ರೂಢಿಯ ಮಿತಿ 11.4ರಿಂದ 12.6. ಬಿಎಂಸಿಯ ಪರದೆಯಲ್ಲಿ 12.1 ಎಂದು ಕಂಡ ಮಾತ್ರಕ್ಕೆ ಎಲ್ಲ ಸರಿಯಿದೆ ಎನ್ನಲಾಗದು, ಏಕೆಂದರೆ ಅದು ಕೆಲವು ಸೆಕೆಂಡಿಗೊಮ್ಮೆ ಅಳೆಯುತ್ತದೆ, ಕುಸಿತ ಅದಕ್ಕೂ ಎಷ್ಟೋ ಪಾಲು ಚಿಕ್ಕದು. ಲಾಗಿನಲ್ಲಿ ಏನೂ ಇಲ್ಲದೆ, ಹೊರೆ ಏರಿದ ಕೂಡಲೇ ಯಂತ್ರ ಆರಿಹೋಗುತ್ತಿದ್ದರೆ ಬೇರೆ ಪವರ್ ಸಪ್ಲೈ ಹಾಕಿ ನೋಡುವುದೇ ವಿಶ್ವಾಸಾರ್ಹ ಪರೀಕ್ಷೆ. ಎರಡು ಪವರ್ ಸಪ್ಲೈ ಇರುವ ಸರ್ವರ್‌ನಲ್ಲಿ ಒಂದೊಂದನ್ನೇ ಕಿತ್ತು ಓಡಿಸಬಹುದು. ಗೋಡೆಯ ಸಾಕೆಟ್, ಯುಪಿಎಸ್, ವಿಸ್ತರಣಾ ಹಲಗೆ ಇವೂ ಸರಪಳಿಯ ಭಾಗವೇ.

ಶಾಖದ ವಿಷಯದಲ್ಲಿ ಇಂದಿನ ಪ್ರೊಸೆಸರ್ ಜಾಣ. ಬಿಸಿ ಏರಿದರೆ ಮೊದಲು ವೇಗ ಇಳಿಸಿಕೊಳ್ಳುತ್ತದೆ, ಮಿತಿ ಮೀರಿದರೆ ಮಾತ್ರ ಥಟ್ಟನೆ ಆರಿಸುತ್ತದೆ. ಅದರ ಸುತ್ತಲಿನವು ಅಷ್ಟು ಜಾಣವಲ್ಲ. ಸರ್ವರ್‌ಗಾಗಿಯೇ ತಯಾರಾದ 10 ಗಿಗಾಬಿಟ್ ನೆಟ್‌ವರ್ಕ್ ಕಾರ್ಡುಗಳಿಗೂ ಡಿಸ್ಕ್ ನಿಯಂತ್ರಕ ಕಾರ್ಡುಗಳಿಗೂ ಬಹುಪಾಲು ಸ್ವಂತ ಫ್ಯಾನ್ ಇರುವುದಿಲ್ಲ. ರ‍್ಯಾಕ್ ಸರ್ವರ್‌ನ ಫ್ಯಾನುಗಳು ಭೋರ್ಗರೆದು ಗಾಳಿ ನುಗ್ಗಿಸುತ್ತವೆ ಎಂಬ ನಂಬಿಕೆಯ ಮೇಲೆ ಅವನ್ನು ರೂಪಿಸಿರುತ್ತಾರೆ. ಅದೇ ಕಾರ್ಡನ್ನು ಸದ್ದಿಲ್ಲದ ಮೇಜಿನ ಪೆಟ್ಟಿಗೆಗೆ ಹಾಕಿದರೆ ಒಳಗೊಳಗೇ ಕುದಿದು, ದೊಡ್ಡ ಕಡತ ಸಾಗಿಸುವಾಗ ಸಂಪರ್ಕ ಕಡಿದುಕೊಳ್ಳುತ್ತದೆ. ಪ್ರೊಸೆಸರ್ ಮಾತ್ರ ತಣ್ಣಗೇ ಇರುತ್ತದೆ, ಅದರ ತಾಪಮಾನ ನೋಡಿದವರಿಗೆ ಏನೂ ತಿಳಿಯುವುದಿಲ್ಲ.

ಭಾಗ ಕೆಟ್ಟಿಲ್ಲ, ವಿನ್ಯಾಸವೇ ತಪ್ಪು

ಕೆಲವು ಸಲ ಯಾವ ಭಾಗ ಬದಲಿಸಿದರೂ ಪ್ರಯೋಜನವಿಲ್ಲ. ಅದೇ ಮಾದರಿಯ ಎಲ್ಲ ಚಿಪ್‌ಗಳಲ್ಲೂ ಅದೇ ದೋಷ ಇರುತ್ತದೆ. ತಯಾರಕರು ಇಂಥವನ್ನು ಎರಾಟಾ ಎಂಬ ದೋಷಪಟ್ಟಿಯಲ್ಲಿ ಪ್ರಕಟಿಸುತ್ತಾರೆ.

ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳದ್ದು ಈಚಿನ ಪ್ರಸಿದ್ಧ ಉದಾಹರಣೆ. ಆಟದ ಸರ್ವರುಗಳಲ್ಲೂ ಬಳಕೆಯಲ್ಲಿದ್ದ ಅವು ಕಾರಣವಿಲ್ಲದೆ ಬೀಳತೊಡಗಿದ್ದವು. ಪ್ರೊಸೆಸರ್ ಅಗತ್ಯಕ್ಕಿಂತ ಹೆಚ್ಚು ವೋಲ್ಟೇಜ್ ಕೇಳುತ್ತಿದೆ, ಅದರಿಂದ ಒಳಗಿನ ಮಂಡಲಗಳು ಸವೆಯುತ್ತಿವೆ ಎಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ 0ಎಕ್ಸ್129, ಸೆಪ್ಟೆಂಬರ್‌ನಲ್ಲಿ 0ಎಕ್ಸ್12ಬಿ ಎಂಬ ಮೈಕ್ರೋಕೋಡ್ ತಿದ್ದುಪಡಿಗಳು ಬಂದವು. ಮೈಕ್ರೋಕೋಡ್ ಎಂದರೆ ಪ್ರೊಸೆಸರ್‌ನ ಒಳನಡವಳಿಕೆಯನ್ನು ತಿದ್ದುವ ಸಣ್ಣ ಸಂಕೇತ, ಬಯಾಸ್ ಜೊತೆ ಬರುತ್ತದೆ. ತಿದ್ದುಪಡಿ ಸವೆತವನ್ನು ತಡೆಯುತ್ತದೆ, ಆಗಲೇ ಸವೆದ ಚಿಪ್ಪನ್ನು ಮೊದಲಿನಂತೆ ಮಾಡುವುದಿಲ್ಲ. ಅಂಥದ್ದನ್ನು ಬದಲಿಸಲೇಬೇಕು. ಖಾತರಿಯ ಅವಧಿಯನ್ನು ಕಂಪನಿ ಎರಡು ವರ್ಷ ವಿಸ್ತರಿಸಿತು.

ಹೊರೆ ಇದ್ದಾಗ ಮಾತ್ರ ಬೀಳಬೇಕೆಂದೇನಿಲ್ಲ. ಎಎಂಡಿಯ 2017ರ ಮೊದಲ ಪೀಳಿಗೆಯ ರೈಜನ್ ಪ್ರೊಸೆಸರ್ ಇದ್ದ ಯಂತ್ರಗಳಲ್ಲಿ ಕೆಲವು ಏನೂ ಕೆಲಸವಿಲ್ಲದಾಗ ಹ್ಯಾಂಗ್ ಆಗುತ್ತಿದ್ದವು. ಕೆಲಸವಿಲ್ಲದಾಗ ಪ್ರೊಸೆಸರ್ ಗಾಢ ನಿದ್ರೆಗೆ ಇಳಿದು ಅತಿ ಕಡಿಮೆ ವಿದ್ಯುತ್ತು ಎಳೆಯುತ್ತದೆ, ತೊಂದರೆ ಅಲ್ಲಿತ್ತು. ಆಮೇಲೆ ಬಯಾಸ್‌ಗಳಲ್ಲಿ ನಿಷ್ಕ್ರಿಯ ಸ್ಥಿತಿಯ ವಿದ್ಯುತ್ತನ್ನು ಸಾಮಾನ್ಯ ಮಟ್ಟದಲ್ಲಿಡುವ ಆಯ್ಕೆ ಬಂತು. ನಡುರಾತ್ರಿ ಯಾರೂ ಬಳಸದಾಗಲೇ ಬೀಳುವ ಯಂತ್ರದಲ್ಲಿ ನಿದ್ರಾಸ್ಥಿತಿಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿ ನೋಡುವುದು ಇದಕ್ಕಾಗಿಯೇ. ಎಪಿಕ್ 7002 ಸರಣಿಯಲ್ಲಂತೂ ರೀಸೆಟ್ ಇಲ್ಲದೆ ಸುಮಾರು 1,044 ದಿನ ಓಡಿದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕವಾದ ಕೋರ್ ಒಂದು ಇಂಥ ನಿದ್ರೆಯಿಂದ ಏಳದೆ ಹೋಗುವ ದೋಷವಿದೆ. ಹೊಸ ಯಂತ್ರದವರಿಗೆ ಆ ಚಿಂತೆ ಸದ್ಯಕ್ಕಿಲ್ಲ.

ಇನ್ನೂ ಅಪರೂಪದ ಬಗೆಯೊಂದಿದೆ. ಪ್ರೊಸೆಸರ್‌ನ ಒಂದು ಕೋರ್ ಯಾವ ದೂರೂ ಇಲ್ಲದೆ ಆಗೊಮ್ಮೆ ಈಗೊಮ್ಮೆ ತಪ್ಪು ಲೆಕ್ಕ ಕೊಡುತ್ತದೆ. ಗೂಗಲ್ ಮತ್ತು ಫೇಸ್‌ಬುಕ್ ಇಂಜಿನಿಯರುಗಳು 2021ರಲ್ಲಿ ಪ್ರತ್ಯೇಕವಾಗಿ ಇದರ ಬಗ್ಗೆ ಬರೆದರು. ಹಲವು ಸಾವಿರ ಯಂತ್ರಗಳಲ್ಲಿ ಇಂಥ ಕೆಲವೇ ಕೋರ್‌ಗಳಿರುತ್ತವೆ ಎಂದು ಗೂಗಲ್‌ನವರ ಅನುಭವ. ಎಲ್ಲವನ್ನೂ ಪರೀಕ್ಷಿಸಿ ಸೋತ ಮೇಲಷ್ಟೇ ಇತ್ತ ತಿರುಗಬೇಕು.

ವಾಸ್ತವದಲ್ಲಿ ಬಯಾಸ್, ಬಿಎಂಸಿ, ಡಿಸ್ಕ್, ನೆಟ್‌ವರ್ಕ್ ಕಾರ್ಡುಗಳ ಫರ್ಮ್‌ವೇರ್ ಆವೃತ್ತಿಗಳನ್ನು ಬರೆದಿಟ್ಟುಕೊಂಡು, ತಯಾರಕರ ಬಿಡುಗಡೆ ಟಿಪ್ಪಣಿ ಓದಿ ನವೀಕರಿಸುವುದು ಬಿಡಿಭಾಗ ಬದಲಿಸುವುದಕ್ಕಿಂತ ಅಗ್ಗದ ಹೆಜ್ಜೆ. ಹಾಗೆಯೇ ಮೆಮೊರಿಯ ವೇಗ ಹೆಚ್ಚಿಸುವ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆಯ್ಕೆ ಚಾಲೂ ಇದ್ದರೆ ಆರಿಸಿ. ಅದು ಮಾನದಂಡಕ್ಕಿಂತ ಹೆಚ್ಚಿನ ವೇಗ, ಸರ್ವರ್‌ಗೆ ಬೇಡ. ಪಟ್ಟಿಗಳು ಮದರ್‌ಬೋರ್ಡ್ ತಯಾರಕರು ಪರೀಕ್ಷಿಸಿ ಪ್ರಕಟಿಸಿದ ಮಾದರಿಗಳ ಪೈಕಿ ಇವೆಯೇ ಎಂದೂ ನೋಡಿ.

ಸರಿಹೋಯಿತು ಎನ್ನಲು ಎಷ್ಟು ದಿನ ಕಾಯಬೇಕು?

ಈ ಹುಡುಕಾಟದಲ್ಲಿ ಹೆಚ್ಚು ಜನ ಜಾರುವುದು ಇಲ್ಲೇ. ಮೆಮೊರಿ ಬದಲಿಸಿದರು, ಮೂರು ದಿನ ಕ್ರ್ಯಾಶ್ ಇಲ್ಲ, ಸರಿಹೋಯಿತು ಎಂದು ಸಂತೋಷಪಟ್ಟರು, ನಾಲ್ಕನೇ ದಿನ ಮತ್ತೆ ಬಿತ್ತು. ಆಗ "ಹೊಸ ಮೆಮೊರಿಯೂ ಕೆಟ್ಟದ್ದೇ" ಎಂಬ ತಪ್ಪು ತೀರ್ಮಾನ ಬೇರೆ.

ಲೆಕ್ಕ ಹೀಗಿದೆ. ಯಂತ್ರ ಸರಾಸರಿ ಮೂರು ದಿನಕ್ಕೊಮ್ಮೆ ಬೀಳುತ್ತದೆ, ಯಾವ ಗಳಿಗೆಯಲ್ಲಾದರೂ ಬೀಳುವ ಸಂಭವ ಒಂದೇ ಸಮ ಎಂದಿಟ್ಟುಕೊಳ್ಳಿ. ಏನೂ ರಿಪೇರಿ ಮಾಡದೆಯೇ ಅದು ಮುಂದಿನ ಮೂರು ದಿನ ಬೀಳದೆ ಉಳಿಯುವ ಸಂಭವ 37 ಪ್ರತಿಶತ. ಆರು ದಿನ ಉಳಿಯುವುದು ಸುಮಾರು 14 ಪ್ರತಿಶತ. ಒಂಬತ್ತು ದಿನಕ್ಕೆ ಅದು 5ಕ್ಕೆ ಇಳಿಯುತ್ತದೆ. ಅಂದರೆ ಕ್ರ್ಯಾಶ್‌ಗಳ ನಡುವಿನ ಸರಾಸರಿ ಅಂತರದ ಮೂರು ಪಟ್ಟು ಕಾದ ಮೇಲಷ್ಟೇ ಮಾಡಿದ ಬದಲಾವಣೆ ಫಲ ಕೊಟ್ಟಿತು ಎಂದು ಒಂದಿಷ್ಟು ಧೈರ್ಯದಿಂದ ಹೇಳಬಹುದು. ಸರಾಸರಿ ಹತ್ತು ದಿನವಿದ್ದರೆ ಒಂದೊಂದು ಪರೀಕ್ಷೆಗೂ ತಿಂಗಳು ಬೇಕು.

ಕ್ರ್ಯಾಶನ್ನು ಬೇಕೆಂದಾಗ ಬರಿಸುವ ದಾರಿ ಹುಡುಕಬೇಕೆಂದು ಆರಂಭದಲ್ಲೇ ಹೇಳಿದ್ದು ಈ ಕಾರಣಕ್ಕೆ. ಸ್ಟ್ರೆಸ್-ಎನ್‌ಜಿ, ಪ್ರೈಮ್95ನಂಥ ಉಪಕರಣಗಳಿಂದ ಪ್ರೊಸೆಸರನ್ನೂ ಎಫ್‌ಐಒದಿಂದ ಡಿಸ್ಕನ್ನೂ ದಣಿಸಿ, ಮೂರು ದಿನಕ್ಕೊಮ್ಮೆ ಬೀಳುವುದನ್ನು ಎರಡು ಗಂಟೆಗೊಮ್ಮೆ ಬೀಳುವಂತೆ ಮಾಡಿದರೆ ಒಂಬತ್ತು ದಿನದ ಕಾಯುವಿಕೆ ಆರು ಗಂಟೆಗೆ ಇಳಿಯುತ್ತದೆ. ಬೆಳಿಗ್ಗೆ ಮಾಡಿದ ಬದಲಾವಣೆಯ ಫಲ ಸಂಜೆಗೆ ತಿಳಿಯುತ್ತದೆ. ಹೊರೆಯಲ್ಲಿ ಬೀಳದಿದ್ದರೆ ಹೊರೆ ಏರಿಸಿ ಇಳಿಸಿ ಮಾಡಿ, ಅದಕ್ಕೂ ಬೀಳದಿದ್ದರೆ ಪೂರ್ತಿ ಖಾಲಿ ಬಿಟ್ಟು ನೋಡಿ.

ಬದಲಾವಣೆ ಒಂದು ಸಲಕ್ಕೆ ಒಂದೇ ಇರಲಿ. ಬಯಾಸ್ ನವೀಕರಿಸಿ, ಅದೇ ಕೈಯಲ್ಲಿ ಮೆಮೊರಿಯನ್ನೂ ಬದಲಿಸಿದರೆ ಯಂತ್ರ ಸರಿಹೋಗಬಹುದು, ಕಾರಣ ಮಾತ್ರ ಎಂದಿಗೂ ತಿಳಿಯುವುದಿಲ್ಲ. ಭಾಗಗಳು ಬಹಳವಿದ್ದರೆ ಅರ್ಧರ್ಧ ಮಾಡಿ: ಎಂಟು ಮೆಮೊರಿ ಪಟ್ಟಿಗಳಲ್ಲಿ ನಾಲ್ಕನ್ನು ತೆಗೆದು ಓಡಿಸಿ, ಬಿದ್ದರೆ ಉಳಿದ ನಾಲ್ಕರಲ್ಲೇ ಎರಡನ್ನು ತೆಗೆಯಿರಿ. ಒಂದೇ ಪಟ್ಟಿ ಕೆಟ್ಟಿದ್ದರೆ ಮೂರೇ ಸುತ್ತಿನಲ್ಲಿ ಸಿಗುತ್ತದೆ. ಪ್ರತಿ ಸುತ್ತನ್ನೂ ದಿನಾಂಕ, ಗಂಟೆ, ಮಾಡಿದ ಬದಲಾವಣೆ ಸಮೇತ ಬರೆದಿಡಿ. ಎರಡನೇ ವಾರದ ಹೊತ್ತಿಗೆ ನೆನಪನ್ನು ನಂಬುವಂತಿಲ್ಲ.

ಹಿಂದಿರುಗಿಸುವಾಗ

"ಆಗಾಗ ಕ್ರ್ಯಾಶ್ ಆಗುತ್ತದೆ" ಎಂದಷ್ಟೇ ಬರೆದು ಕಳಿಸಿದ ಯಂತ್ರ "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ಮರಳುವುದು ಹೊಸತೇನಲ್ಲ. ಅವರ ಮೇಜಿನ ಮೇಲೆ ಅರ್ಧ ಗಂಟೆ ಓಡಿಸಿದಾಗ ಅದು ನಿಜವಾಗಿಯೂ ಬಿದ್ದಿರುವುದಿಲ್ಲ. ಅದರ ಬದಲು ಕ್ರ್ಯಾಶ್‌ಗಳ ದಿನಾಂಕಗಳು, ಬಿಎಂಸಿಯ ದಾಖಲೆ, ಮೆಷಿನ್ ಚೆಕ್ ಸಾಲುಗಳು, ಫರ್ಮ್‌ವೇರ್ ಆವೃತ್ತಿಗಳು, ಅದಲುಬದಲು ಮಾಡಿ ಕಂಡದ್ದು, ಯಾವ ಪರೀಕ್ಷೆಯನ್ನು ಎಷ್ಟು ಹೊತ್ತು ಓಡಿಸಿದರೆ ಬೀಳುತ್ತದೆ ಎಂಬುದನ್ನು ಸೇರಿಸಿ ಕಳಿಸಿ. ಡಿಸ್ಕುಗಳನ್ನು ತೆಗೆದಿಟ್ಟುಕೊಳ್ಳಲು ಅನುಮತಿ ಇದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಬದಲಿಯಾಗಿ ಬರುವ ಮದರ್‌ಬೋರ್ಡ್ ಬಹಳ ಸಲ ಹಳೆಯ ಬಯಾಸ್ ಮತ್ತು ಮೂಲ ಸೆಟ್ಟಿಂಗುಗಳೊಂದಿಗೆ ಬರುತ್ತದೆ. ನೀವು ಈಗಾಗಲೇ ದಾಟಿ ಬಂದಿದ್ದ ದೋಷ ಅದರಲ್ಲಿ ಮತ್ತೆ ಇರಬಹುದು. ಆದ್ದರಿಂದ ಆವೃತ್ತಿ ನೋಡಿ, ನವೀಕರಿಸಿ, ಹಿಂದೆ ಯಂತ್ರವನ್ನು ಬೀಳಿಸುತ್ತಿದ್ದ ಅದೇ ಪರೀಕ್ಷೆಯನ್ನು ಮೂರು ಪಟ್ಟು ಹೊತ್ತು ಓಡಿಸಿದ ಮೇಲಷ್ಟೇ ಕಡತಗಳನ್ನು ಮರಳಿ ಸಾಗಿಸಿ.